ಯಂತ್ರ ನಿನ್ನೆಗೆ ಹೋಯಿತು, ಟ್ಯೂಬ್‌ಗಳು ಇವತ್ತಲ್ಲೇ ಇದ್ದವು: ಒಂದು ಲ್ಯಾಬ್ ಸರ್ವರ್‌ನ ಪ್ರಕರಣ

ರಕ್ತ, ಮೂತ್ರ ಪರೀಕ್ಷೆ ಮಾಡಿ ರಿಪೋರ್ಟ್ ಕೊಡುವ ಒಂದು ಲ್ಯಾಬ್. ಅದರ ಮುಖ್ಯ ಸರ್ವರ್ ಒಂದು ಬುಧವಾರ ಬೆಳಿಗ್ಗೆ ಸತ್ತುಹೋಯಿತು. ಬ್ಯಾಕಪ್‌ನಿಂದ ಅದನ್ನು ವಾಪಸ್ ತರುವ ಕೆಲಸದಲ್ಲಿ ನಾನೂ ಇದ್ದೆ. ಲ್ಯಾಬ್ ಯಾವುದು, ಜನ ಯಾರು ಎಂದು ಗೊತ್ತಾಗುವ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ತಾಂತ್ರಿಕ ಸಂಗತಿಗಳನ್ನು ಮಾತ್ರ ನಡೆದ ಹಾಗೆಯೇ ಇಟ್ಟಿದ್ದೇನೆ. ಇಂಥ ಕೆಲಸ ಮಾಡಬೇಕಾದ ಬೇರೆಯವರಿಗೆ ಒಂದು ರಾತ್ರಿಯಾದರೂ ಉಳಿಯಲಿ ಅನ್ನುವುದು ನನ್ನ ಆಸೆ.

ಹಿನ್ನೆಲೆ

ಲ್ಯಾಬ್‌ನಲ್ಲಿ ಸುಮಾರು ನಲವತ್ತು ಜನ. ಎಲ್ಲಾ ಕೆಲಸಕ್ಕೂ ಒಂದೇ ಸರ್ವರ್. ಅದರಲ್ಲಿ ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್), ಪೋಸ್ಟ್‌ಗ್ರೆಸ್ 12 ಡೇಟಾಬೇಸ್, ಲ್ಯಾಬ್ ಸಾಫ್ಟ್‌ವೇರ್, ಜೊತೆಗೆ 1.4 ಟಿಬಿಯಷ್ಟು ಹಳೆಯ ರಿಪೋರ್ಟ್‌ಗಳು ಮತ್ತು ಸ್ಕ್ಯಾನ್ ಚಿತ್ರಗಳು. ಇಷ್ಟೂ ನಾಲ್ಕು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ರೇಡ್ 5 ಮೇಲೆ ಕೂತಿತ್ತು. ರೇಡ್ 5 ಒಂದು ಡಿಸ್ಕ್ ಹೋದರೆ ತಡೆದುಕೊಳ್ಳುತ್ತದೆ, ಎರಡನೆಯದು ಹೋದರೆ ಇಲ್ಲ.

ಕೆಲಸ ನಡೆಯುವ ರೀತಿ ಹೀಗೆ. ರೋಗಿಯ ಹೆಸರು ಬರೆದುಕೊಂಡ ತಕ್ಷಣ ಸಾಫ್ಟ್‌ವೇರ್ ಒಂದು ಸ್ಯಾಂಪಲ್ ನಂಬರ್ ಕೊಡುತ್ತದೆ. 24-18642 ಥರ, ಮೊದಲು ವರ್ಷ, ಅಡ್ಡಗೆರೆ, ಆಮೇಲೆ ಸರಣಿ ಸಂಖ್ಯೆ. ಅದು ಬಾರ್‌ಕೋಡ್ ಸ್ಟಿಕರ್ ಆಗಿ ಟ್ಯೂಬ್ ಮೇಲೆ ಅಂಟುತ್ತದೆ. ಪರೀಕ್ಷೆ ಮಾಡುವ ಯಂತ್ರ ಆ ಬಾರ್‌ಕೋಡ್ ಓದಿ, ಫಲಿತಾಂಶವನ್ನು ಅದೇ ನಂಬರಿಗೆ ಕಳಿಸುತ್ತದೆ. ಮಧ್ಯದಲ್ಲಿ ಯಾರೂ ಹೆಸರು ನೋಡುವುದಿಲ್ಲ.

ಬ್ಯಾಕಪ್ ಚೆನ್ನಾಗಿಯೇ ಇತ್ತು. ರಾತ್ರಿ 10ಕ್ಕೆ ಡೇಟಾಬೇಸ್‌ನ ಪಿಜಿ ಡಂಪ್, ಅಂದರೆ ಅದರ ಪೂರ್ತಿ ನಕಲು ಇರುವ ಫೈಲ್. ರಾತ್ರಿ 1ಕ್ಕೆ ಬೋರ್ಗ್ ಎಂಬ ಟೂಲ್ ಇಡೀ ಸರ್ವರನ್ನು, ಆ ಡಂಪ್ ಸಮೇತ, ಕೀಲಿ ಇಲ್ಲದೆ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿ ಇನ್ನೊಂದು ಕೋಣೆಯಲ್ಲಿದ್ದ ನ್ಯಾಸ್‌ಗೆ (ನೆಟ್‌ವರ್ಕ್ ಮೇಲಿನ ಸ್ಟೋರೇಜ್ ಪೆಟ್ಟಿಗೆ) ಕಳಿಸುತ್ತಿತ್ತು. ವಾರಕ್ಕೊಮ್ಮೆ ಅದರ ಪ್ರತಿ ಒಂದು ಡಿಸ್ಕ್‌ಗೆ ಹೋಗಿ, ಆ ಡಿಸ್ಕ್ ಬೇರೆ ಕಟ್ಟಡಕ್ಕೆ ಹೋಗುತ್ತಿತ್ತು. ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಹೊರಗೆ ಅನ್ನುವ 3-2-1 ಲೆಕ್ಕ ಹೆಚ್ಚುಕಡಿಮೆ ಸರಿಹೋಗಿತ್ತು. ಒಂದು ಸಲವೂ ಪೂರ್ತಿ ವಾಪಸ್ ತಂದು ನೋಡಿರಲಿಲ್ಲ, ಅಷ್ಟೇ.

ಬುಧವಾರ 11:20

ಮೊದಲ ಡಿಸ್ಕ್ ಹೋಗಿ ಆಗಲೇ 19 ದಿನ ಆಗಿತ್ತು. ಸರ್ವರ್ ತನ್ನ ಕರ್ತವ್ಯ ಮಾಡಿತ್ತು, ಇಮೇಲ್ ಕಳಿಸಿತ್ತು. ಆ ಇಮೇಲ್ ಹೋಗಿದ್ದು ಕೆಲಸ ಬಿಟ್ಟುಹೋದ ಒಬ್ಬರ ವಿಳಾಸಕ್ಕೆ. ಬುಧವಾರ ಬೆಳಿಗ್ಗೆ ಎರಡನೇ ಡಿಸ್ಕ್ ಕೈಕೊಟ್ಟಿತು. ಹನ್ನೊಂದೂವರೆಯ ಹೊತ್ತಿಗೆ ರಿಜಿಸ್ಟರ್ ಪುಸ್ತಕ ತೆಗೆದು ಕೈಯಲ್ಲಿ ಬರೆಯಲು ಶುರು ಮಾಡಿದ್ದರು. ಹಿರಿಯ ಟೆಕ್ನೀಷಿಯನ್ ಮೇಡಂ ಯಾರನ್ನೂ ಕೇಳದೆ ಕೈಬರಹದ ನಂಬರ್‌ಗಳಿಗೆ ಮುಂದೆ "ರಿ" ಸೇರಿಸಿದ್ದರು: ರಿ-1, ರಿ-2. ಆ ಒಂದು ಅಕ್ಷರದ ಬೆಲೆ ನಮಗೆ ಮಾರನೇ ದಿನ ಗೊತ್ತಾಯಿತು.

ನಾನು ಹೋದಾಗ ಐಟಿ ನೋಡಿಕೊಳ್ಳುವ ಹುಡುಗ ಸರ್ವರ್ ಮುಂದೆ ಕೂತಿದ್ದ. ಮುಖ ಬಿಳಿಚಿಕೊಂಡಿತ್ತು.

"ಸರ್, ಡಿಸ್ಕ್‌ಗಳು ಕಾಣ್ತಿವೆ. ಅರೇ ಹೊಸದಾಗಿ ಕ್ರಿಯೇಟ್ ಮಾಡಿದ್ರೆ ಬರುತ್ತಂತೆ. ಮಾಡ್ಲಾ?"

ಕಮಾಂಡ್ ಟೈಪ್ ಆಗಿತ್ತು. ಎಂಟರ್ ಒತ್ತುವುದು ಬಾಕಿ.

ಇದು ಮೊದಲ ತಿರುವು. ಅರೇ ಅಂದರೆ ರೇಡ್‌ನಲ್ಲಿ ಜೋಡಿಸಿದ ಡಿಸ್ಕ್‌ಗಳ ಗುಂಪು. ಅರೇ ಹೊಸದಾಗಿ ಕ್ರಿಯೇಟ್ ಮಾಡಿದರೆ ಲಿನಕ್ಸ್ ಅದನ್ನು ಹೊಸ ಅರೇ ಎಂದೇ ತಿಳಿದು, ಡಿಸ್ಕ್‌ಗಳ ಮೇಲೆ ಲೆಕ್ಕ ಹಾಕಿ ಬರೆಯಲು ಶುರು ಮಾಡುತ್ತದೆ. ಡಿಸ್ಕ್‌ಗಳ ಕ್ರಮ ಸ್ವಲ್ಪ ಆಚೀಚೆ ಆಗಿದ್ದರೂ ಇದ್ದಬದ್ದ ಡೇಟಾ ಅಳಿಸಿಹೋಗುತ್ತದೆ. ಬ್ಯಾಕಪ್ ನಿಜವಾಗಲೂ ವಾಪಸ್ ಬರುತ್ತದೆ ಎಂದು ಕಣ್ಣಾರೆ ನೋಡುವ ತನಕ ಸತ್ತ ಡಿಸ್ಕ್‌ಗಳೂ ಒಂದು ಬ್ಯಾಕಪ್ಪೇ ಅಲ್ವಾ? ಸರ್ವರ್ ಆಫ್ ಮಾಡಿದೆವು. ನಾಲ್ಕೂ ಡಿಸ್ಕ್ ಹೊರತೆಗೆದು, ಗಾಯಕ್ಕೆ ಹಾಕುವ ಬಿಳಿ ಟೇಪ್ ಅಂಟಿಸಿ, ಯಾವುದು ಯಾವ ಸ್ಲಾಟ್‌ನಲ್ಲಿತ್ತು ಎಂದು ಪೆನ್ನಿನಲ್ಲಿ ಬರೆದು ಬೀರುವಿನಲ್ಲಿಟ್ಟೆವು. ಆಮೇಲೆ ಅವನ್ನು ಮುಟ್ಟುವ ಅಗತ್ಯ ಬೀಳಲಿಲ್ಲ. ಆದರೆ ಆ ರಾತ್ರಿ ಒಂದು ದೊಡ್ಡ ತೀರ್ಮಾನ ತೆಗೆದುಕೊಳ್ಳುವಾಗ, ಅವು ಬೀರುವಿನಲ್ಲಿವೆ ಅನ್ನುವುದೇ ನಮಗೆ ಧೈರ್ಯ ಕೊಟ್ಟಿತು.

ಹುಡುಗ ಆಗ ಒಂದು ಒಳ್ಳೆಯ ಕೆಲಸ ಮಾಡಿದ. ನ್ಯಾಸ್‌ನಲ್ಲಿದ್ದ ಬ್ಯಾಕಪ್ ಜಾಗಕ್ಕೆ ಬರೆಯುವ ಅನುಮತಿಯನ್ನೇ ತೆಗೆದುಹಾಕಿದ. ಹಳೆಯ ಪ್ರತಿಗಳನ್ನು ಅಳಿಸುವ ಕೆಲಸವೂ ಅದೇ ಸ್ಕ್ರಿಪ್ಟ್‌ನಲ್ಲಿತ್ತು. ಅರ್ಧ ತುಂಬಿದ ಹೊಸ ಸರ್ವರ್ ರಾತ್ರಿ 1ಕ್ಕೆ ತಾನಾಗಿ ಬ್ಯಾಕಪ್ ಶುರು ಮಾಡಿ, ಒಳ್ಳೆಯ ಪ್ರತಿಯನ್ನು ಹೊರದಬ್ಬುವ ಅಪಾಯ ಅಲ್ಲಿಗೆ ತಪ್ಪಿತು. ನನಗೆ ಅದು ಹೊಳೆದಿರಲಿಲ್ಲ.

ಕಾಗದದ ಕೀಲಿ

ಬ್ಯಾಕಪ್ ತೆರೆಯಲು ಎರಡು ಬೇಕಿತ್ತು: ಒಂದು ಕೀಲಿ ಫೈಲ್, ಒಂದು ಪಾಸ್‌ಫ್ರೇಸ್ (ಉದ್ದನೆಯ ಪಾಸ್‌ವರ್ಡ್). ಪಾಸ್‌ಫ್ರೇಸ್ ಮುಖ್ಯಸ್ಥರಾದ ಡಾಕ್ಟರ್ ಹತ್ತಿರ ಇತ್ತು. ಬೋರ್ಗ್‌ನಲ್ಲಿ ಕೀಲಿಯನ್ನು ಬ್ಯಾಕಪ್ ಜೊತೆಗೇ ಇಡಬಹುದು, ಅಥವಾ ಬ್ಯಾಕಪ್ ಮಾಡುವ ಯಂತ್ರದಲ್ಲಿ ಇಡಬಹುದು. ಇಲ್ಲಿ ಎರಡನೆಯದನ್ನು ಆರಿಸಿದ್ದರು. ಅಂದರೆ ಕೀಲಿ ಇದ್ದಿದ್ದು ಸತ್ತ ಸರ್ವರ್‌ನಲ್ಲಿ. ಅದರ ಪ್ರತಿ ಬ್ಯಾಕಪ್ ಒಳಗೂ ಇತ್ತು, ಆದರೆ ಬ್ಯಾಕಪ್ ತೆರೆಯಲು ಅದೇ ಬೇಕು.

ಅರ್ಧ ಗಂಟೆ ಯಾರೂ ಜಾಸ್ತಿ ಮಾತಾಡಲಿಲ್ಲ. ಆಮೇಲೆ ಡಾಕ್ಟರ್, ಲೈಸೆನ್ಸ್ ಕಾಗದಗಳ ಫೈಲ್‌ನಲ್ಲಿ ಕಂಪ್ಯೂಟರಿಗೆ ಸಂಬಂಧಪಟ್ಟ ಏನೋ ಒಂದು ಹಾಳೆ ನೋಡಿದ ನೆನಪು ಎಂದರು. ನಾಲ್ಕು ಮಡಿಕೆ ಮಡಿಸಿದ ಹಾಳೆ. ತೆರೆದರೆ ಮೇಲೆ ಬೋರ್ಗ್ ಪೇಪರ್ ಕೀ ಎಂದು ಅಚ್ಚಾಗಿತ್ತು. ಕೀಲಿಯನ್ನು ಕಾಗದದ ಮೇಲೆ ಮುದ್ರಿಸುವ ಸೌಲಭ್ಯ ಬೋರ್ಗ್‌ನಲ್ಲೇ ಇದೆ. ಕೆಲಸ ಬಿಟ್ಟುಹೋದ ಅದೇ ಹಳೆಯ ಉದ್ಯೋಗಿ ಅದನ್ನು ಮುದ್ರಿಸಿ, ಕಳೆದುಹೋಗದ ಫೈಲ್‌ನಲ್ಲಿ ಇಟ್ಟುಹೋಗಿದ್ದರು. ಅವರಿಗೆ ನಾನು ಮನಸಾರೆ ಕೃತಜ್ಞ.

ಹಾಳೆಯ ತುಂಬಾ ಅಂಕಿ, ಅಕ್ಷರ. 0ಯಿಂದ 9, ಎ ಯಿಂದ ಎಫ್. ಪ್ರತಿ ಸಾಲಿನ ಕೊನೆಗೆ ಎರಡು ಅಕ್ಷರದ ತಾಳೆ ಸಂಖ್ಯೆ. ಸಾಲು ತಪ್ಪಾಗಿ ಟೈಪ್ ಮಾಡಿದರೆ ಅಲ್ಲಿಯೇ ತಿಳಿಯುತ್ತದೆ, ಆ ಒಂದು ಸಾಲು ಮತ್ತೆ ಹೊಡೆದರೆ ಸಾಕು. ನಾನು ಓದಿದೆ, ಹುಡುಗ ಟೈಪ್ ಮಾಡಿದ. ಮೂರನೇ ಸಾಲಿನಲ್ಲೇ ತಪ್ಪು. ಬಿ, ಸಿ, ಡಿ, ಇ ಎಲ್ಲಾ ಕಿವಿಗೆ ಒಂದೇ ಥರ ಕೇಳುತ್ತವೆ. "ಬಾಲ್ ಬಿ, ಕ್ಯಾಟ್ ಸಿ, ಡಾಗ್ ಡಿ" ಎಂದು ಶುರು ಮಾಡಿದೆವು. ಹೊರಗೆ ರೋಗಿಗಳ ಸಾಲು, ಒಳಗೆ ಇಬ್ಬರು ದೊಡ್ಡವರು ಶಾಲೆ ಮಕ್ಕಳ ಹಾಗೆ ಬಾಲ್, ಕ್ಯಾಟ್ ಹೇಳುತ್ತಿದ್ದೆವು. ಕೊನೆಯ ಸಾಲು ಮುಗಿದು, ಹಿಂದಿನ ರಾತ್ರಿ 1 ಗಂಟೆಯ ಪ್ರತಿ ಪಟ್ಟಿಯಲ್ಲಿ ಕಂಡಾಗ ಹುಡುಗ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ.

ಕಳೆದುಹೋದ ಮಧ್ಯಾಹ್ನ

ಮುಂದಿನದು ನನ್ನ ತಪ್ಪು. ಬೇರೊಂದು ಖಾಲಿ ಸರ್ವರ್ ಇತ್ತು, ಬೇರೆ ಮಾದರಿಯದು. ಇಡೀ ಹಳೆಯ ವ್ಯವಸ್ಥೆಯನ್ನು ಇದ್ದ ಹಾಗೆಯೇ ಅದರ ಮೇಲೆ ಇಳಿಸಿಬಿಡೋಣ, ಸೆಟ್ಟಿಂಗ್ ಎಲ್ಲಾ ತಾನಾಗಿ ಬರುತ್ತದೆ ಎಂದುಕೊಂಡೆ. ಫೈಲ್‌ಗಳು ಬೇಗ ಇಳಿದವು. ಯಂತ್ರ ಏಳಲಿಲ್ಲ. ಹಳೆಯದು ಬಯೋಸ್‌ನಿಂದ ಬೂಟ್ ಆಗುತ್ತಿತ್ತು, ಹೊಸದು ಯುಇಎಫ್‌ಐ; ಯಂತ್ರ ಎಬ್ಬಿಸುವ ಎರಡು ಬೇರೆ ಬೇರೆ ವಿಧಾನ. ಅದನ್ನು ಸರಿ ಮಾಡಿದರೆ, ಬೂಟ್ ಆಗುವಾಗ ಮೊದಲು ಲೋಡ್ ಆಗುವ ಚಿಕ್ಕ ಇಮೇಜ್‌ನಲ್ಲಿ ಹೊಸ ಡಿಸ್ಕ್ ಕಂಟ್ರೋಲರ್‌ನ ಡ್ರೈವರ್ ಇಲ್ಲ. ಹಳೆಯ ಯಂತ್ರಕ್ಕೆ ಎಷ್ಟು ಬೇಕೋ ಅಷ್ಟನ್ನೇ ಅದು ಇಟ್ಟುಕೊಂಡಿತ್ತು. ಅದನ್ನು ಹೊಸದಾಗಿ ಕಟ್ಟಿದರೆ, ಡಿಸ್ಕ್‌ಗಳ ಗುರುತಿನ ಸಂಖ್ಯೆ ಬೇರೆ. ಅದೂ ಆಯಿತು ಎಂದರೆ, ನೆಟ್‌ವರ್ಕ್ ಕಾರ್ಡ್‌ನ ಹೆಸರು ಬದಲಾಗಿ ಐಪಿ ವಿಳಾಸವೇ ಬರಲಿಲ್ಲ.

ಒಂದೊಂದೂ ಸರಿ ಮಾಡಬಹುದಾದ ತೊಂದರೆಯೇ. ಹಾಗಾಗಿಯೇ ಬಿಡಲು ಮನಸ್ಸು ಬರುವುದಿಲ್ಲ. ಇನ್ನೊಂದು ಹತ್ತು ನಿಮಿಷ, ಇನ್ನೊಂದು ಹತ್ತು ನಿಮಿಷ ಎನ್ನುತ್ತಾ ಸಂಜೆ 5:30 ಆಯಿತು. ಶುರು ಮಾಡುವಾಗಲೇ "ಎರಡು ಗಂಟೆ ನೋಡೋಣ, ಆಗದಿದ್ದರೆ ದಾರಿ ಬದಲಿಸೋಣ" ಎಂದು ಬಾಯಿಬಿಟ್ಟು ಹೇಳಿ, ಗೋಡೆ ಮೇಲೆ ಸಮಯ ಬರೆಯಬೇಕಿತ್ತು. ಕೊನೆಗೆ ನಿಲ್ಲಿಸಿದ್ದು ಡಾಕ್ಟರ್ ಕೇಳಿದ ಒಂದು ಪ್ರಶ್ನೆಯಿಂದ: "ಇದು ಎದ್ದರೂ, ನಾಳೆ ಮತ್ತೆ ಬೀಳಲ್ಲ ಅಂತ ಹೇಳ್ತೀರಾ?" ಹೇಳಲು ಆಗಲಿಲ್ಲ. ಸೆಂಟ್‌ಓಎಸ್ 7ಕ್ಕೆ ಬೆಂಬಲ 2024ರ ಜೂನ್ 30ಕ್ಕೇ ನಿಂತಿತ್ತು. ಅದರ ಜಾಗ ತುಂಬುವ ರಾಕಿ ಲಿನಕ್ಸ್ 8 ಹೊಸದಾಗಿ ಹಾಕಿ, ಡೇಟಾ ಮತ್ತು ಸೆಟ್ಟಿಂಗ್ ಫೈಲ್‌ಗಳನ್ನು ಮಾತ್ರ ಬ್ಯಾಕಪ್‌ನಿಂದ ತರೋಣ ಎಂದು ತೀರ್ಮಾನಿಸಿದೆವು.

ಎದ್ದು ನಿಂತದ್ದನ್ನು ಬೀಳಿಸುವುದು

ಡೇಟಾಬೇಸ್ ನಮ್ಮ ಹತ್ತಿರ ಎರಡು ರೂಪದಲ್ಲಿತ್ತು. ರಾತ್ರಿ 10ರ ಡಂಪ್ ಒಂದು. ರಾತ್ರಿ 1ಕ್ಕೆ ಬೋರ್ಗ್ ನಕಲು ಮಾಡಿದ ಡೇಟಾಬೇಸ್ ಫೋಲ್ಡರ್ ಇನ್ನೊಂದು. ಫೋಲ್ಡರ್ ಮೂರು ಗಂಟೆ ಹೊಸದು, ಇಳಿಸುವುದೂ ಸಲೀಸು. ಪೋಸ್ಟ್‌ಗ್ರೆಸ್ 12 ಅನ್ನೇ ಹಾಕಿ, ಫೋಲ್ಡರ್ ಇಳಿಸಿ, ಶುರು ಮಾಡಿದೆವು. ರಾತ್ರಿ 8:15ಕ್ಕೆ ಲ್ಯಾಬ್ ಸಾಫ್ಟ್‌ವೇರ್ ತೆರೆದುಕೊಂಡಿತು. ನೆನ್ನೆಯ ರೋಗಿಗಳ ಪಟ್ಟಿ ಕಂಡಿತು. ಎಲ್ಲರೂ ಚಪ್ಪಾಳೆ ಹೊಡೆದರು.

ಎಂಟ್ರಿಗೆ ಬಿಡುವ ಮುಂಚೆ ಒಬ್ಬರು ಸುಮ್ನೆ ಪರೀಕ್ಷೆ ಮಾಡುತ್ತಾ ಕೂತಿದ್ದರು. ಒಂಬತ್ತರ ಹೊತ್ತಿಗೆ ಕರೆದರು.

"ಸರ್, ಈ ನಂಬರ್ ಪಟ್ಟಿಯಲ್ಲಿ ಇದೆ. ಹುಡುಕಿದ್ರೆ ಇಲ್ಲ ಅಂತಿದೆ."

ಹೌದು. ದಿನದ ಪಟ್ಟಿಯಲ್ಲಿ ಆ ಸ್ಯಾಂಪಲ್ ಕಣ್ಣೆದುರೇ ಇತ್ತು. ಅದೇ ನಂಬರನ್ನು ಹುಡುಕುವ ಜಾಗದಲ್ಲಿ ಹೊಡೆದರೆ "ದಾಖಲೆ ಇಲ್ಲ". ಬೇಗ ಹುಡುಕಲು ಇಟ್ಟುಕೊಂಡ ಸೂಚಿಯನ್ನು, ಅಂದರೆ ಇಂಡೆಕ್ಸನ್ನು, ಬಳಸಬೇಡ ಎಂದು ಡೇಟಾಬೇಸಿಗೆ ಹೇಳಿ ಹುಡುಕಿದೆವು, ಸಿಕ್ಕಿತು. ಇಂಡೆಕ್ಸ್ ಮೂಲಕ ಹುಡುಕಿದರೆ ಇಲ್ಲ. ಎಲ್ಲಿಯೂ ಒಂದು ಎಚ್ಚರಿಕೆಯ ಸಾಲು ಬಂದಿರಲಿಲ್ಲ.

ಕಾರಣ ಇದು. ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂದು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಓಎಸ್‌ನ ಜಿ-ಲಿಬ್‌ಸಿ ಲೈಬ್ರರಿಯನ್ನು ಕೇಳುತ್ತದೆ. ಜಿ-ಲಿಬ್‌ಸಿ 2.28ರಲ್ಲಿ ಆ ಕ್ರಮ ಬದಲಾಯಿತು. ಸೆಂಟ್‌ಓಎಸ್ 7ರಲ್ಲಿ ಇರುವುದು 2.17, ರಾಕಿ 8ರಲ್ಲಿ 2.28. ಹಳೆಯದರಲ್ಲಿ "11" ಮೊದಲು, "1-1" ಆಮೇಲೆ. ಹೊಸದರಲ್ಲಿ ತಿರುಗುಮುರುಗು. ಅಡ್ಡಗೆರೆ ಇರುವ, ಇಲ್ಲದ ನಂಬರ್‌ಗಳು ಒಂದೇ ಇಂಡೆಕ್ಸ್‌ನಲ್ಲಿ ಬೆರೆತಿದ್ದರೆ ಇದು ನೇರ ಏಟು, ನಮ್ಮಲ್ಲಿ ಹಾಗೆಯೇ ಬೆರೆತಿದ್ದವು. ಇಂಡೆಕ್ಸ್ ಹಳೆಯ ಕ್ರಮದಲ್ಲಿ ಜೋಡಿಸಿದ್ದು, ಹುಡುಕುವವನು ಹೊಸ ಕ್ರಮದಲ್ಲಿ ಹುಡುಕುತ್ತಾನೆ. ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿ, ಇಲ್ಲ ಎಂದು ವಾಪಸ್ ಬರುತ್ತಾನೆ.

ರೀಇಂಡೆಕ್ಸ್ ಮಾಡಿದರೆ, ಅಂದರೆ ಇಂಡೆಕ್ಸನ್ನು ಹೊಸದಾಗಿ ಕಟ್ಟಿದರೆ, ಈ ತೊಂದರೆ ಹೋಗುತ್ತದೆ. ಅದನ್ನೇ ಮಾಡಿ ಮುಂದೆ ಹೋಗೋಣ ಅನ್ನುವ ಒತ್ತಡ ಜೋರಾಗಿತ್ತು. ಆದರೆ ಅಲ್ಲಿ ನಿಂತು ಯೋಚಿಸಿದಾಗ ಇನ್ನೊಂದು ಸಂಗತಿ ಎದ್ದು ಬಂತು. ಆ ಫೋಲ್ಡರನ್ನು ನಕಲು ಮಾಡಿದಾಗ ಡೇಟಾಬೇಸ್ ಓಡುತ್ತಲೇ ಇತ್ತು. ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಒಂದೇ ಕ್ಷಣದ ಚಿತ್ರ) ತೆಗೆದಿರಲಿಲ್ಲ, ಬ್ಯಾಕಪ್ ಶುರು ಎಂದು ಪೋಸ್ಟ್‌ಗ್ರೆಸ್‌ಗೂ ಹೇಳಿರಲಿಲ್ಲ. ಒಂದು ಫೈಲ್ 1:05ರದ್ದು, ಇನ್ನೊಂದು 1:40ರದ್ದು ಇರಬಹುದು. ಅಂಥ ನಕಲು ಎದ್ದು ನಿಂತರೂ ಒಳಗೆ ಏನು ಹೊಂದಿಕೆಯಾಗಿಲ್ಲ ಎಂದು ಹೇಳಲು ಬರುವುದಿಲ್ಲ. ಇಂಡೆಕ್ಸ್ ತಪ್ಪಿದ್ದು ಹುಡುಕಿದಾಗ ಕಂಡಿತು. ಟೇಬಲ್ ಒಳಗೆ ಒಂದು ಫಲಿತಾಂಶ ಹಳೆಯದಾಗಿ ಉಳಿದಿದ್ದರೆ ಅದು ಯಾರಿಗೂ ಕಾಣುವುದಿಲ್ಲ. ಇದು ರೋಗಿಗಳ ರಿಪೋರ್ಟ್.

ರಾತ್ರಿ 10:15ಕ್ಕೆ ಡಾಕ್ಟರ್ ಮುಂದೆ ಎರಡು ದಾರಿ ಇಟ್ಟೆವು. ಓಡುತ್ತಿರುವುದನ್ನೇ ಸರಿಮಾಡಿಕೊಂಡು ಈಗಲೇ ತೆರೆಯುವುದು. ಅಥವಾ ಅದನ್ನು ಬದಿಗಿಟ್ಟು ಡಂಪ್‌ನಿಂದ ಮತ್ತೆ ಕಟ್ಟುವುದು: ಇನ್ನೂ ಕೆಲವು ಗಂಟೆ, ಜೊತೆಗೆ ಮೂರು ಗಂಟೆಯ ಎಂಟ್ರಿ ಹೆಚ್ಚು ಹೋಗುತ್ತದೆ. ಡಂಪ್ ಒಂದೇ ಕ್ಷಣದ ಪೂರ್ತಿ ಚಿತ್ರ, ಇಂಡೆಕ್ಸ್‌ಗಳೂ ಹೊಸ ಯಂತ್ರದಲ್ಲಿ ಹೊಸದಾಗಿ ಕಟ್ಟಲ್ಪಡುತ್ತವೆ. ಡಾಕ್ಟರ್ ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. "ತಡ ಆದ ರಿಪೋರ್ಟ್‌ಗೆ ನಾನು ಕ್ಷಮೆ ಕೇಳ್ತೀನಿ. ತಪ್ಪಾದ ರಿಪೋರ್ಟ್‌ಗೆ ಏನು ಹೇಳಲಿ? ಬೀಳಿಸಿ."

ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ನೆನೆಯುವ ತೀರ್ಮಾನ ಇದು. ಇದನ್ನು ಐಟಿಯವರು ತಾವೇ ತೆಗೆದುಕೊಳ್ಳಬಾರದು. ದಾರಿಗಳನ್ನು ಸರಳ ಮಾತಿನಲ್ಲಿ ಇಟ್ಟು, ಹೊಣೆ ಇರುವವರನ್ನು ಕೇಳಬೇಕು. ಅದಕ್ಕಾಗಿ ಆ ಹೊತ್ತಿನಲ್ಲಿ ಅವರು ಅಲ್ಲಿ ಇರಬೇಕು.

ಡಂಪ್ ಇಳಿಸಲು ಶುರು ಮಾಡಿದರೆ "ಆ ಬಳಕೆದಾರ ಇಲ್ಲ" ಎಂಬ ದೂರುಗಳ ಸರಮಾಲೆ. ಪಿಜಿ ಡಂಪ್ ಒಂದು ಡೇಟಾಬೇಸನ್ನು ಮಾತ್ರ ತೆಗೆದುಕೊಳ್ಳುತ್ತದೆ, ಬಳಕೆದಾರರ ಹೆಸರು, ಪಾಸ್‌ವರ್ಡ್ ಅದರಲ್ಲಿ ಇರುವುದಿಲ್ಲ. ಅವಕ್ಕೆ ಪಿಜಿ ಡಂಪ್‌ಆಲ್ ಬೇರೆಯಾಗಿ ಬೇಕು. ಬದಿಗಿಟ್ಟ ಫೋಲ್ಡರ್ ಆಗ ಕೆಲಸಕ್ಕೆ ಬಂತು. ಅದನ್ನು ಒಮ್ಮೆ ಎಬ್ಬಿಸಿ ಬಳಕೆದಾರರ ಪಟ್ಟಿ ಮಾತ್ರ ತೆಗೆದುಕೊಂಡೆವು. ರಾತ್ರಿ ಒಂದರ ಹೊತ್ತಿಗೆ ಡೇಟಾಬೇಸ್ ತಯಾರು.

1.4 ಟಿಬಿ ಫೈಲ್‌ಗಳನ್ನು ಇಡಿಯಾಗಿ ಕಾಯಲಿಲ್ಲ. ಗಿಗಾಬಿಟ್ ನೆಟ್‌ವರ್ಕ್ ಪೂರ್ತಿ ವೇಗದಲ್ಲಿ ಓಡಿದರೂ ಅಷ್ಟಕ್ಕೆ ಮೂರೂವರೆ ಗಂಟೆ ಬೇಕು. ಲಕ್ಷಗಟ್ಟಲೆ ಚಿಕ್ಕ ಫೈಲ್‌ಗಳಿದ್ದಾಗ ಆ ವೇಗ ಸಿಗುವುದೇ ಇಲ್ಲ. ಕೊನೆಯ ಮೂರು ತಿಂಗಳ ರಿಪೋರ್ಟ್ ಮೊದಲು, ಉಳಿದದ್ದು ಹಿಂದಿನಿಂದ ಬರಲಿ ಎಂದು ಬಿಟ್ಟೆವು. ಗುರುವಾರ ಸಂಜೆಗೆ ಎಲ್ಲಾ ಬಂದು ಸೇರಿತು.

ಆರು ಗಂಟೆಯ ಸ್ಟಿಕರ್

ಗುರುವಾರ ಬೆಳಿಗ್ಗೆ 6ಕ್ಕೆ ಟೆಕ್ನೀಷಿಯನ್ ಮೇಡಂ ಬಂದರು. ತೆರೆಯುವ ಮುಂಚೆ ಒಂದು ಸುಳ್ಳು ಹೆಸರು ಹಾಕಿ ಎಂಟ್ರಿ ಮಾಡಿ ನೋಡಿ ಎಂದೆವು. ಮಾಡಿದರು. ಪ್ರಿಂಟರ್‌ನಿಂದ ಸ್ಟಿಕರ್ ಹೊರಬಂತು. ಅವರು ಅದನ್ನು ಕಿತ್ತು, ಟ್ಯೂಬ್‌ಗಳ ರ್ಯಾಕ್ ಹತ್ತಿರ ಹೋಗಿ ನಿಂತರು. ಬುಧವಾರ ಬೆಳಗಿನ ಟ್ಯೂಬ್ ಒಂದನ್ನು ಎತ್ತಿ, ಸ್ಟಿಕರನ್ನು ಅದರ ಪಕ್ಕ ಹಿಡಿದರು.

"ಸರ್, ಈ ನಂಬರ್ ಆಗಲೇ ಕೊಟ್ಟಾಗಿದೆಯಲ್ಲ."

ಎರಡರ ಮೇಲೂ 24-18643.

ನನಗೆ ಒಂದು ಕ್ಷಣ ಕಾಲು ತಣ್ಣಗಾಯಿತು. ಡೇಟಾಬೇಸ್ ಮಂಗಳವಾರ ರಾತ್ರಿ 10ಕ್ಕೆ ವಾಪಸ್ ಹೋಗಿತ್ತು. ಅದರ ಪ್ರಕಾರ ಕೊನೆಯ ನಂಬರ್ 18642, ಮುಂದಿನದು 18643. ಆದರೆ ಆಮೇಲೆ ಬುಧವಾರ 11:20ರವರೆಗೆ ಕೊಟ್ಟ ನಂಬರ್‌ಗಳು ಟ್ಯೂಬ್‌ಗಳ ಮೇಲೆ ಅಂಟಿಕೊಂಡು ಫ್ರಿಜ್‌ನಲ್ಲಿ, ರ್ಯಾಕ್‌ನಲ್ಲಿ ಕೂತಿದ್ದವು. ಕೆಲವು ಯಂತ್ರಗಳು ಅವುಗಳ ಫಲಿತಾಂಶ ಹಿಡಿದುಕೊಂಡು, ಸರ್ವರ್ ಯಾವಾಗ ಸಿಗುತ್ತದೆ ಎಂದು ಕಾಯುತ್ತಿದ್ದವು. ಹಾಗೆಯೇ ತೆರೆದಿದ್ದರೆ ನಿನ್ನೆಯ ಒಬ್ಬರ ರಕ್ತದ ಫಲಿತಾಂಶ ಇವತ್ತಿನ ಇನ್ನೊಬ್ಬರ ಹೆಸರಿನಲ್ಲಿ ಅಚ್ಚಾಗುತ್ತಿತ್ತು.

ಸರಣಿಯನ್ನು ಒಂದೇ ಏಟಿಗೆ 19001ಕ್ಕೆ ಹಾರಿಸಿದೆವು. ಮಧ್ಯದ ನಂಬರ್‌ಗಳನ್ನು ಟ್ಯೂಬ್ ಮತ್ತು ಅರ್ಜಿ ಕಾಗದ ನೋಡಿ, ಅದೇ ನಂಬರಿನಲ್ಲಿ ಕೈಯಾರೆ ಎಂಟ್ರಿ ಮಾಡಿದರು. ಅದೆಲ್ಲ ಮುಗಿಯುವ ತನಕ ಯಂತ್ರಗಳ ಸಂಪರ್ಕ ಕಿತ್ತೇ ಇಟ್ಟಿದ್ದೆವು. ರಿಜಿಸ್ಟರ್‌ನ ಎಂಟ್ರಿಗಳಿಗೆ "ರಿ" ಇದ್ದುದರಿಂದ ಅವು ಇದಾವುದಕ್ಕೂ ಸಿಕ್ಕಿಕೊಳ್ಳಲಿಲ್ಲ.

ಇದೇ ಜಾತಿಯ ಇನ್ನೊಂದು ನಮ್ಮ ಕಣ್ಣು ತಪ್ಪಿಸಿತು. ಮೆಸೇಜ್ ಕಳಿಸುವ ಸೇವೆ ಶುರುವಾದ ತಕ್ಷಣ, ಮಂಗಳವಾರ ರಾತ್ರಿ 10ಕ್ಕೆ "ಇನ್ನೂ ಕಳಿಸಿಲ್ಲ" ಎಂದಿದ್ದ ಮೆಸೇಜ್‌ಗಳನ್ನೆಲ್ಲಾ ಕಳಿಸಿತು. ಅವು ಮಂಗಳವಾರ ರಾತ್ರಿಯೇ ಹೋಗಿದ್ದವು. ಕೆಲವರಿಗೆ ಎರಡನೇ ಸಲ ಹೋಯಿತು, ಗಾಬರಿಯಾಗಿ ಫೋನ್ ಮಾಡಿದರು. ಅವರೆಲ್ಲರಿಗೂ ಮೇಡಂ ಒಬ್ಬರೇ ಕೂತು ಉತ್ತರ ಕೊಟ್ಟರು.

ಇದರಿಂದ ತಿಳಿದದ್ದು, ಬದಲಾದದ್ದು

ನಾವು ಎಲ್ಲರೂ ಯಂತ್ರವನ್ನು ಎಬ್ಬಿಸುವ ಬಗ್ಗೆ ಯೋಚಿಸಿದ್ದೆವು. ಯಂತ್ರ ಎದ್ದಾಗ ಅದು ಹಿಂದಿನ ರಾತ್ರಿಯಲ್ಲಿ ಇರುತ್ತದೆ, ಹೊರಗಿನ ಲೋಕ ಇವತ್ತಿನಲ್ಲಿ ಇರುತ್ತದೆ ಅನ್ನುವುದನ್ನು ಯಾರೂ ಯೋಚಿಸಿರಲಿಲ್ಲ. ಬಿಲ್ ನಂಬರ್, ಟೋಕನ್, ಆರ್ಡರ್, ಕಳಿಸಿದ ಮೆಸೇಜ್, ಬೇರೆ ಯಂತ್ರದಲ್ಲಿ ಕಾಯುತ್ತಿರುವ ಡೇಟಾ: ಸರ್ವರ್‌ನಿಂದ ಹೊರಗೆ ಹೋಗಿ ಉಳಿದಿರುವುದು ಏನೇನು ಎಂದು ನೀವು ನಿಮ್ಮ ಕಡೆಯೂ ಒಂದು ಹಾಳೆಯಲ್ಲಿ ಬರೆದು ನೋಡಿ. ಆ ಪಟ್ಟಿಯನ್ನು ಐಟಿಯವರು ಒಬ್ಬರೇ ಬರೆಯಲು ಆಗುವುದಿಲ್ಲ. ಟ್ಯೂಬ್ ಹಿಡಿಯುವವರು ಪಕ್ಕದಲ್ಲಿ ಕೂರಬೇಕು.

ಈ ಘಟನೆ ಆದಮೇಲೆ ಡಾಕ್ಟರಿಗೆ ಎರಡು ಪ್ರಶ್ನೆ ಕೇಳಿದೆವು. ಎಷ್ಟು ಹೊತ್ತು ಕಾಗದದ ಮೇಲೆ ಕೆಲಸ ನಡೆಸಬಲ್ಲಿರಿ? ಎಷ್ಟು ಹೊತ್ತಿನ ಎಂಟ್ರಿ ಹೋದರೆ ಮತ್ತೆ ಬರೆದುಕೊಳ್ಳಬಲ್ಲಿರಿ? ಮೊದಲು "ಒಂದೂ ಹೋಗಬಾರದು" ಎಂದರು. ಅದಕ್ಕೆ ತಗಲುವ ಖರ್ಚು ನೋಡಿ, ಯೋಚಿಸಿ, ಮೊದಲನೆಯದಕ್ಕೆ ಎಂಟು ಗಂಟೆ, ಎರಡನೆಯದಕ್ಕೆ ಹದಿನೈದು ನಿಮಿಷ ಎಂದರು. ಹದಿನೈದು ನಿಮಿಷಕ್ಕಾಗಿ ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಬರೆದಿಡುವ ವಾಲ್ ಫೈಲ್‌ಗಳನ್ನು ಆಗಿಂದಾಗ್ಗೆ ನ್ಯಾಸ್‌ಗೆ ಕಳಿಸುವ ಏರ್ಪಾಡು ಮಾಡಿದೆವು. ಈಗ ಕೆಟ್ಟ ಗಳಿಗೆಗೆ ಸ್ವಲ್ಪ ಮುಂಚಿನ ಹೊತ್ತಿಗೆ ಡೇಟಾಬೇಸನ್ನು ತರಬಹುದು. ಡಂಪ್ ಜೊತೆಗೆ ಬಳಕೆದಾರರ ಪಟ್ಟಿಯೂ ಹೋಗುತ್ತದೆ. ಕಾಗದದ ಕೀಲಿ ಮೂರು ಕಡೆ ಇದೆ. ಡಿಸ್ಕ್ ಎಚ್ಚರಿಕೆ ಮೂವರ ಫೋನಿಗೆ ಬರುತ್ತದೆ, ಯಾರಾದರೂ ಕೆಲಸ ಬಿಟ್ಟ ದಿನವೇ ಆ ಪಟ್ಟಿ ಬದಲಾಗುತ್ತದೆ.

ವಾಪಸ್ ತರುವ ಕ್ರಮ ಎರಡು ಪುಟದಲ್ಲಿದೆ. ಮುದ್ರಿಸಿ ಗೋಡೆಗೆ ಹಾಕಿದ್ದಾರೆ, ಏಕೆಂದರೆ ಸರ್ವರ್ ಬಿದ್ದಾಗ ಸರ್ವರ್‌ನಲ್ಲಿರುವ ಕಡತ ಓದಲು ಆಗುವುದಿಲ್ಲ. ಪ್ರತಿ ಹಂತದ ಎದುರು ಒಂದು ಗಡುವು, ಆ ಗಡುವು ದಾಟಿದರೆ ಹಿಡಿಯಬೇಕಾದ ಇನ್ನೊಂದು ದಾರಿ. ಎರಡನೇ ಪುಟದ ಕೆಳಗೆ ಮೇಡಂ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದಾರೆ: "ಮೊದಲ ಸ್ಟಿಕರ್ ಅಂಟಿಸಬೇಡಿ. ರ್ಯಾಕ್ ಪಕ್ಕ ಹಿಡಿದು ನೋಡಿ."

ಮೂರು ತಿಂಗಳ ನಂತರ ಒಂದು ಭಾನುವಾರ ಮೊದಲ ತಾಲೀಮು ನಡೆಯಿತು. ಆ ಹಾಳೆ ಹಿಡಿದು ಹುಡುಗ ಒಬ್ಬನೇ ಮಾಡಿದ, ನಾನು ಬಾಯಿ ಬಿಡಬಾರದು ಎಂದು ಮೊದಲೇ ಮಾತಾಗಿತ್ತು. ಆರೂವರೆ ಗಂಟೆ ಹಿಡಿಯಿತು. ನಾಲ್ಕನೇ ಹಂತದಲ್ಲಿ ಸಿಕ್ಕಿಬಿದ್ದ: ಎರಡು ತಿಂಗಳ ಹಿಂದೆ ಡಾಕ್ಟರ್ ಪಾಸ್‌ಫ್ರೇಸ್ ಬದಲಿಸಿದ್ದರು. ಪಾಸ್‌ಫ್ರೇಸ್ ಬದಲಾದ ಮೇಲೆ ಕೀಲಿಯ ಹಾಳೆಯನ್ನೂ ಹೊಸದಾಗಿ ಮುದ್ರಿಸಬೇಕು, ಹಳೆಯ ಹಾಳೆ ಹಳೆಯ ಪಾಸ್‌ಫ್ರೇಸಿಗೆ ಮಾತ್ರ ತೆರೆದುಕೊಳ್ಳುತ್ತದೆ. ಡಾಕ್ಟರ್ ಹಳೆಯದನ್ನು ನೆನಪಿಸಿಕೊಂಡು ಹೇಳಿದರು, ಕೆಲಸ ಮುಂದುವರಿಯಿತು. ಸಂಜೆ ಹೊಸ ಹಾಳೆ ಮೂರು ಪ್ರತಿ ಮುದ್ರಿಸಿ, ಮೇಲೆ ದಿನಾಂಕ ಬರೆದು, ಹಳೆಯ ಮೂರನ್ನೂ ಹರಿದು ಹಾಕಿದರು.